ಉಪಗ್ರಹ ಹಾಸನದ್ದು, ನಗು ಇಂಗ್ಲಿಷಿನದು: ಸಕಲೇಶಪುರ–ಆಲೂರು ಸೀಮೆ ಮತ್ತು ಅಮೆರಿಕದ ಟಿವಿ ಹಾಸ್ಯ

ಪ್ರಶ್ನೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಜಿಲ್ಲೆಯ ಜನ ಅದನ್ನು ಎಂಸಿಎಫ್ ಎಂದೇ ಕರೆಯುತ್ತಾರೆ. ಇನ್ಸಾಟ್ ಸರಣಿಯ ಉಪಗ್ರಹಗಳನ್ನು ಕಕ್ಷೆಯಲ್ಲಿ ನೆಲೆಗೊಳಿಸಿ, ಅವು ತಮ್ಮ ಜಾಗ ಬಿಟ್ಟು ಸರಿಯದಂತೆ ನೋಡಿಕೊಳ್ಳುವುದು 1982ರಿಂದ ಅದರ ಕೆಲಸ. ಆಲೂರು ಅಲ್ಲಿಗೆ ತೀರ ಹತ್ತಿರ. ಸಕಲೇಶಪುರ ಸುಮಾರು 40 ಕಿ.ಮೀ. ಈ ಎರಡು ತಾಲ್ಲೂಕುಗಳ ಕಾಫಿ ತೋಟ, ಗದ್ದೆಬಯಲು, ತೋಟದ ಕೆಲಸಗಾರರ ಲೈನ್‌ಮನೆಗಳ ಮೇಲೆ ಇಂದು ಕಾಣುವ ಡಿಶ್‌ಗಳಲ್ಲಿ ಹಲವು ನೋಡುತ್ತಿರುವುದು ಹಾಸನದಿಂದ ಆಜ್ಞೆ ಪಡೆಯುವ ಉಪಗ್ರಹಗಳನ್ನು.

ಈ ಡಿಶ್‌ಗಳಿಗೆ ಇಳಿದ ಸರಕಿನಲ್ಲಿ ಅಮೆರಿಕದ ಹಾಸ್ಯವೂ ಇತ್ತು. 1994ರಿಂದ 2004ರವರೆಗೆ ನಡೆದ ‘ಫ್ರೆಂಡ್ಸ್’ನಂಥ ಮನೆಯೊಳಗಿನ ಹಾಸ್ಯ ಧಾರಾವಾಹಿಗಳು, ಅಂದರೆ ಸಿಟ್‌ಕಾಮ್‌ಗಳು, ಒಂದು ಕಡೆ. 1989ರ ಡಿಸೆಂಬರ್ 17ರಂದು ಆರಂಭವಾಗಿ ಇಂದಿಗೂ ನಿಲ್ಲದ ‘ದಿ ಸಿಂಪ್ಸನ್ಸ್’, 1997ರ ‘ಸೌತ್ ಪಾರ್ಕ್’, 1999ರ ‘ಫ್ಯಾಮಿಲಿ ಗೈ’ ಮುಂತಾದ ದೊಡ್ಡವರ ಕಾರ್ಟೂನ್‌ಗಳು ಇನ್ನೊಂದು ಕಡೆ. ದೇವರು, ಅಧ್ಯಕ್ಷ, ಅಪ್ಪ, ಮೇಷ್ಟ್ರು ಯಾರನ್ನೂ ಬಿಡದ ಹಾಸ್ಯ ಇವುಗಳದು. ಜಗತ್ತಿನ ಎಷ್ಟೋ ಭಾಷೆಗಳ ದಿನಬಳಕೆಯ ನಗೆಯೊಳಗೆ ಇವು ಬೆರೆತುಹೋಗಿವೆ. ಮಲೆನಾಡಿನ ಈ ಅಂಚಿನಲ್ಲಿ ಹಾಗಾಗಲಿಲ್ಲ. ಏಕೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಗುಡ್ಡಗಾಡಿಗೆ ಸಿಗ್ನಲ್ಲೇ ಬರುತ್ತಿರಲಿಲ್ಲ ಎಂಬುದು ಮೊದಲನೆಯದು. ಅಂಥ ಒರಟು ಹಾಸ್ಯ ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬುದು ಎರಡನೆಯದು. ಮೊದಲನೆಯದು ಒಂದು ಕಾಲಘಟ್ಟಕ್ಕೆ ಮಾತ್ರ ನಿಜ. ಎರಡನೆಯದು ಪರೀಕ್ಷೆಗೆ ನಿಲ್ಲುವುದಿಲ್ಲ. ನಡುವೆ ಮೂರನೆಯ ಕಾರಣವೊಂದಿದೆ, ಅದು ಭಾಷೆಯ ಬಾಗಿಲನ್ನು ಯಾರು ಕಾಯುತ್ತಿದ್ದರು ಎಂಬ ವಿಚಾರ. ಇಲ್ಲಿ ನೋಡುತ್ತಿರುವುದು ಪ್ರಸಾರದ ಮತ್ತು ಹಾಸ್ಯರೂಪಗಳ ಇತಿಹಾಸವನ್ನು. ಪ್ರೇಕ್ಷಕರ ಗಣತಿ ಇದರ ವ್ಯಾಪ್ತಿಯಲ್ಲಿಲ್ಲ.

1. ಗುಡ್ಡ, ಆಂಟೆನಾ ಮತ್ತು ಕೋನ

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ನೆಲದ ಟ್ರಾನ್ಸ್‌ಮಿಟರ್‌ನಿಂದ ಹೊರಡುವ ಟಿವಿ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ. ಆಲೂರಿನ ಪೂರ್ವಭಾಗದ ಬಯಲಿಗೆ ಇದು ಅಷ್ಟು ತೊಡಕಾಗದು. ಪಶ್ಚಿಮಕ್ಕೆ ಸರಿದಂತೆ ನೆಲ ಮಡಿಕೆ ಮಡಿಕೆಯಾಗುತ್ತದೆ. ಸಕಲೇಶಪುರ ಪೇಟೆ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದ್ದರೂ, ಸುತ್ತಲಿನ ಎಷ್ಟೋ ಮನೆಗಳು ಕೂತಿರುವುದು ಗುಡ್ಡದ ಬುಡದ ಕಣಿವೆಯಲ್ಲಿ, ನೀರಿನ ಆಸರೆಯ ಪಕ್ಕದಲ್ಲಿ. ಹೀಗಾಗಿ ಒಂದೇ ಊರಿನಲ್ಲಿ ದಿಬ್ಬದ ಮೇಲಿನ ಮನೆಗೆ ಚಿತ್ರ ಬರುತ್ತಿತ್ತು, ಕೆಳಗಿನ ಮನೆಗೆ ಬರೀ ಗರಗರ. ಬಿದಿರಿನ ಗಳಕ್ಕೋ ಸಿಲ್ವರ್ ಮರಕ್ಕೋ ಆಂಟೆನಾ ಬಿಗಿದು ಒಬ್ಬ ಮೇಲೆ ತಿರುಗಿಸುವುದು, ಇನ್ನೊಬ್ಬ ಟಿವಿ ಮುಂದೆ ಕೂತು “ಬಂತು, ಬಂತು, ಅಯ್ಯೋ ಹೋಯ್ತು, ಒಂಚೂರು ಹಿಂದಕ್ಕೆ ತಿರ್ಗ್ಸು” ಎಂದು ಕೂಗುವುದು ಆ ಕಾಲದ ಮಲೆನಾಡಿನ ಸಂಜೆಯ ಕಸರತ್ತು. ಸಿಗ್ನಲ್ ಇಲ್ಲ ಎಂಬ ವಾದ ಈ ಹಂತಕ್ಕೆ ಪೂರ್ತಿ ಸಲ್ಲುತ್ತದೆ.

ಉಪಗ್ರಹ ಬಂದಾಗ ಲೆಕ್ಕ ಬದಲಾಯಿತು. 1990ರ ಏಪ್ರಿಲ್‌ನಲ್ಲಿ ಹಾರಿದ ಏಷ್ಯಾಸ್ಯಾಟ್-1ರ ಮೂಲಕ 1991ರಲ್ಲಿ ಸ್ಟಾರ್ ಟಿವಿ ಪ್ರಸಾರ ಆರಂಭಿಸಿತು. ಆ ಉಪಗ್ರಹ 105.5 ಡಿಗ್ರಿ ಪೂರ್ವ ರೇಖಾಂಶದಲ್ಲಿತ್ತು. ಸಕಲೇಶಪುರದ ಅಕ್ಷಾಂಶ–ರೇಖಾಂಶ ಹಿಡಿದು ಲೆಕ್ಕ ಹಾಕಿದರೆ, ಅದು ಪೂರ್ವ ದಿಗಂತದಿಂದ ಸುಮಾರು 52 ಡಿಗ್ರಿ ಮೇಲೆ ಕಾಣಬೇಕು. ಮಗ್ಗುಲಲ್ಲೇ ಗುಡ್ಡವಿದ್ದರೂ ಅಷ್ಟು ಎತ್ತರದ ನೋಟಕ್ಕೆ ಅಡ್ಡ ಬರುವುದು ಅಪರೂಪ. ಅಂದರೆ 1991ರ ಹೊತ್ತಿಗೇ ಗುಡ್ಡದ ಅಡ್ಡಿ ತಾತ್ವಿಕವಾಗಿ ನಿವಾರಣೆಯಾಗಿತ್ತು. ಉಳಿದದ್ದು ದುಡ್ಡಿನ ಮತ್ತು ಹರಹಿನ ಅಡ್ಡಿ. ಆಗಿನ ಸಿ-ಬ್ಯಾಂಡ್ ಡಿಶ್ ಆಳೆತ್ತರ ಮೀರಿದ ಜಾಲರಿಯ ತಟ್ಟೆ. ಅದನ್ನು ಹಾಕಿಸಲು ಸಾಧ್ಯವಿದ್ದದ್ದು ಅನುಕೂಲಸ್ಥ ಪ್ಲಾಂಟರ್‌ಗಳಿಗೆ ಮತ್ತು ಪೇಟೆಯ ಕೇಬಲ್‌ನವರಿಗೆ. ಕೇಬಲ್ ತಂತಿ ಪೇಟೆಬೀದಿ ದಾಟಿ ತೋಟದೊಳಗೆ ಹೋಗುವುದು ಕಷ್ಟ: ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಫರ್ಲಾಂಗುಗಟ್ಟಲೆ ತೋಟ, ಮಳೆಗಾಲದಲ್ಲಿ ಮರ ಬಿದ್ದರೆ ತಂತಿ ತುಂಡು. ಹೀಗೆ ಸ್ಟಾರ್‌ನ ಇಂಗ್ಲಿಷ್ ಹಾಸ್ಯ ಮೊದಲ ಹದಿನೈದು ವರ್ಷ ಇಂಗ್ಲಿಷ್ ಬಲ್ಲ, ಮಕ್ಕಳನ್ನು ಬೋರ್ಡಿಂಗ್ ಶಾಲೆಗೆ ಕಳಿಸಬಲ್ಲ ವರ್ಗದ ಹತ್ತಿರವೇ ಉಳಿಯಿತು.

ಈ ಸ್ಥಿತಿ ಬದಲಾದದ್ದು ಉಪಗ್ರಹದಿಂದ ನೇರ ಮನೆಗೇ ಇಳಿಯುವ ಡಿಟಿಎಚ್ ಸೇವೆಯಿಂದ. ಇನ್ಸಾಟ್-4ಎ 2005ರ ಡಿಸೆಂಬರ್ 22ರಂದು ಉಡಾವಣೆಯಾಯಿತು. 83 ಡಿಗ್ರಿ ಪೂರ್ವದಲ್ಲಿ ನೆಲೆ ನಿಂತ ಅದರ 12 ಕೆಯು-ಬ್ಯಾಂಡ್ ಟ್ರಾನ್ಸ್‌ಪಾಂಡರ್‌ಗಳು ಟಾಟಾ ಸ್ಕೈಗೆ ಸಂದವು, 2006ರ ಆಗಸ್ಟ್‌ನಲ್ಲಿ ಆ ಸೇವೆ ಆರಂಭವಾಯಿತು. ಸಕಲೇಶಪುರದಿಂದ ಅದರ ಎತ್ತರ ಸುಮಾರು 73 ಡಿಗ್ರಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ಮೊಣಕೈಯಳತೆಯ ತಟ್ಟೆ ಸಾಕು. ಜೂನ್–ಆಗಸ್ಟ್‌ನ ಜಡಿಮಳೆಯಲ್ಲಿ ಕೆಯು-ಬ್ಯಾಂಡ್ ಅಲೆಯನ್ನು ಮಳೆಹನಿಗಳು ಹೀರಿ ಚದುರಿಸುವುದರಿಂದ ಪರದೆ ಆಗಾಗ ಖಾಲಿಯಾಗುತ್ತದೆ ಎಂಬುದನ್ನು ಬಿಟ್ಟರೆ, ಬಂಗಲೆಗೂ ಲೈನ್‌ಮನೆಗೂ ಈಗ ಒಂದೇ ಆಕಾಶ.

ಇಲ್ಲೊಂದು ಎಚ್ಚರ ಬೇಕು. ಎಂಸಿಎಫ್ ಕಾರ್ಯಕ್ರಮಗಳನ್ನು ಪ್ರಸಾರ ಮಾಡುವುದಿಲ್ಲ. ವಾಹಿನಿಗಳ ಅಪ್‌ಲಿಂಕ್ ಬೇರೆ ಕಡೆಯಿಂದ ನಡೆಯುತ್ತದೆ. ಹಾಸನದ ಕೆಲಸ ಉಪಗ್ರಹದ ಆರೋಗ್ಯ ಮತ್ತು ನೆಲೆ ನೋಡಿಕೊಳ್ಳುವುದು. ಏಷ್ಯಾಸ್ಯಾಟ್‌ಗೂ ಹಾಸನಕ್ಕೂ ಸಂಬಂಧವಿರಲಿಲ್ಲ. ಆದ್ದರಿಂದ ‘ಹಾಸನದ ಉಪಗ್ರಹದಿಂದ ಬಂದ ನಗು’ ಎಂಬ ಮಾತು 2006ರ ನಂತರಕ್ಕೆ, ಅದೂ ಸಾಗಣೆಯ ಅರ್ಥದಲ್ಲಿ ಮಾತ್ರ ಸರಿ. ಆದರೆ ನಮ್ಮ ಪ್ರಶ್ನೆಗೆ ಅಷ್ಟು ಸಾಕು: 2006ರ ನಂತರ ಸಿಗ್ನಲ್ ಇಲ್ಲ ಎಂಬ ಕಾರಣ ಬಿದ್ದುಹೋಗುತ್ತದೆ.

2. ಭಾಷೆಯ ಬಾಗಿಲು

ಆಕಾಶದಿಂದ ಇಳಿದದ್ದು ಇಂಗ್ಲಿಷಿನಲ್ಲೇ ಇಳಿಯಿತು. ಇದರ ಹಿಂದೆ ಕರ್ನಾಟಕಕ್ಕೇ ವಿಶಿಷ್ಟವಾದ ಕಟ್ಟುಪಾಡೊಂದಿದೆ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರಂಥವರ ಬೆಂಬಲದಿಂದ ಡಬ್ಬಿಂಗ್ ವಿರೋಧಿ ಚಳವಳಿ ಬಲಗೊಂಡಿತು. ಕನ್ನಡ ಚಿತ್ರೋದ್ಯಮ ಆಗಿನ್ನೂ ಮದ್ರಾಸಿನ ಸ್ಟುಡಿಯೊಗಳನ್ನು ಅವಲಂಬಿಸಿತ್ತು. ಡಬ್ ಆದ ಚಿತ್ರಗಳು ತುಂಬಿಕೊಂಡರೆ ಕನ್ನಡದ ನಟರಿಗೆ, ತಂತ್ರಜ್ಞರಿಗೆ ಕೆಲಸವೇ ಇಲ್ಲವಾಗುತ್ತದೆ ಎಂಬ ಭಯಕ್ಕೆ ಆಧಾರವಿತ್ತು. ಕಾನೂನಿನ ಬಲವಿಲ್ಲದ ಈ ನಿಷೇಧ ಸಂಘಟನೆಯ ಬಲದ ಮೇಲೆ ಐದು ದಶಕ ನಡೆಯಿತು. ಟಿವಿ ಬಂದಾಗ ಅದೇ ಕಟ್ಟು ಕಿರುತೆರೆಗೂ ವಿಸ್ತರಿಸಿತು. 2012ರ ಮೇ ತಿಂಗಳಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೇ’ ಹಲವು ಭಾರತೀಯ ಭಾಷೆಗಳಲ್ಲಿ ಡಬ್ ಆಗಿ ಬಂದರೂ ಕನ್ನಡದಲ್ಲಿ ಬರಲಿಲ್ಲ. ಅದೇ ವರ್ಷ ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗದ ಮೊರೆ ಹೋಯಿತು. 2015ರ ಜುಲೈನಲ್ಲಿ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧವೆಂದು ತೀರ್ಪಿತ್ತಿತು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಜೊತೆಗೆ ಟೆಲಿವಿಷನ್ ಅಸೋಸಿಯೇಷನ್ ಕೂಡ ಆ ಪ್ರಕರಣದ ಪ್ರತಿವಾದಿಯಾಗಿತ್ತು ಎಂಬುದು ಇಲ್ಲಿ ಮುಖ್ಯ.

ಹೀಗಾಗಿ ಅಮೆರಿಕದ ಹಾಸ್ಯ ಧಾರಾವಾಹಿಗಳ ಉಚ್ಛ್ರಾಯದ ಅವಧಿಯೂ, ಸಕಲೇಶಪುರದ ತೋಟಗಳಿಗೆ ಡಿಶ್ ಹಬ್ಬಿದ ಅವಧಿಯೂ ಕನ್ನಡದ ಬಾಗಿಲು ಮುಚ್ಚಿದ್ದ ಅವಧಿಯೊಳಗೇ ಬರುತ್ತವೆ. ಸೀಮೆಯ ಭಾಷಾ ಸ್ಥಿತಿಯನ್ನು ನೆನೆದರೆ ಇದರ ಪರಿಣಾಮ ಇನ್ನಷ್ಟು ಸ್ಪಷ್ಟವಾಗುತ್ತದೆ. ತೋಟದ ಲೈನ್‌ಗಳಲ್ಲಿ ಕನ್ನಡದ ಜೊತೆ ತುಳು, ತಮಿಳು, ಮಲಯಾಳಂ ಕೇಳಿಬರುತ್ತವೆ. ಈಚೆಗೆ ಅಸ್ಸಾಮಿನಿಂದ ಬಂದವರ ಭಾಷೆಗಳೂ ಸೇರಿವೆ. ತಮಿಳು ಬಲ್ಲವರಿಗೆ ಡಬ್ ಆದ ಹೊರದೇಶದ ಸರಕು ಮನೆಭಾಷೆಯಲ್ಲೇ ಸಿಗುತ್ತಿತ್ತು. ಕನ್ನಡವೊಂದೇ ಬಲ್ಲವರಿಗೆ ಆ ದಾರಿ ಇರಲಿಲ್ಲ. ಒಂದೇ ಲೈನಿನ ಅಕ್ಕಪಕ್ಕದ ಕೋಣೆಗಳಲ್ಲಿ ಜಗತ್ತು ಬೇರೆ ಬೇರೆ ಅಳತೆಯಲ್ಲಿ ತೆರೆದುಕೊಂಡಿತ್ತು.

ಹಾಸ್ಯಕ್ಕೆ ಈ ಅಡ್ಡಿ ಉಳಿದ ಪ್ರಕಾರಗಳಿಗಿಂತ ದೊಡ್ಡದು. ಹೊಡೆದಾಟದ ದೃಶ್ಯ ಮಾತಿಲ್ಲದೆಯೂ ತಿಳಿಯುತ್ತದೆ, ಅಳುವಿನ ದೃಶ್ಯ ಮುಖ ನೋಡಿದರೆ ತಿಳಿಯುತ್ತದೆ. ಸಿಟ್‌ಕಾಮಿನ ಕುಚೋದ್ಯ ಮಾತಿನ ತಿರುವಿನಲ್ಲಿ, ಎರಡು ಮಾತಿನ ನಡುವಿನ ಕ್ಷಣದಲ್ಲಿ ಇರುತ್ತದೆ. ಅದು ಅರ್ಧ ಸೆಕೆಂಡು ತಡವಾಗಿ ತಿಳಿದರೆ ನಗು ಹೊರಡುವುದಿಲ್ಲ.

3. ಕೃತಿ ಬರಲಿಲ್ಲ, ಚೌಕಟ್ಟು ಬಂತು

ಬಾಗಿಲು ಮುಚ್ಚಿದ್ದರೂ ಒಂದು ಸಂಗತಿ ಒಳಗೆ ಬಂತು: ಸಿಟ್‌ಕಾಮಿನ ಚೌಕಟ್ಟು. 1951ರ ಅಕ್ಟೋಬರ್ 15ರಂದು ಸಿಬಿಎಸ್‌ನಲ್ಲಿ ಆರಂಭವಾದ ‘ಐ ಲವ್ ಲೂಸಿ’ ಅದಕ್ಕೊಂದು ಮಾದರಿ ಹಾಕಿಕೊಟ್ಟಿತು. ಎದುರಿಗೆ ಕೂತ ಪ್ರೇಕ್ಷಕರು, ಏಕಕಾಲಕ್ಕೆ ಚಿತ್ರಿಸುವ ಮೂರು ಕ್ಯಾಮೆರಾ, ಬದಲಾಗದ ಮನೆಯ ಸೆಟ್, ವಾರಕ್ಕೊಂದು ಹೊಸ ಪೇಚಾಟ, ಕೊನೆಗೆ ಎಲ್ಲವೂ ಮೊದಲಿನ ಸ್ಥಿತಿಗೆ. 1955–56ರ ‘ದಿ ಹನಿಮೂನರ್ಸ್’ ಇದಕ್ಕೆ ಬಡಾಯಿ ಕೊಚ್ಚುವ ಬಸ್ ಡ್ರೈವರ್ ಗಂಡನನ್ನೂ ಅವನನ್ನು ಹದ್ದುಬಸ್ತಿನಲ್ಲಿಡುವ ಹೆಂಡತಿಯನ್ನೂ ಸೇರಿಸಿತು. ಅದೇ ಜೋಡಿ ಶಿಲಾಯುಗದ ವೇಷ ಹಾಕಿ 1960ರ ‘ದಿ ಫ್ಲಿಂಟ್‌ಸ್ಟೋನ್ಸ್’ ಆಯಿತು. ಆ ವಂಶದಲ್ಲೇ ಮುಂದೆ ‘ಸಿಂಪ್ಸನ್ಸ್’ನ ಅಪ್ಪ ಹೋಮರ್ ಸಿಂಪ್ಸನ್ ಹುಟ್ಟಿದ. ದೊಡ್ಡವರ ಕಾರ್ಟೂನ್ ಎಂಬುದು ಮೂಲದಲ್ಲಿ ಬರೆದು ತೋರಿಸಿದ ಸಿಟ್‌ಕಾಮ್.

ಕನ್ನಡದಲ್ಲಿ ದೂರದರ್ಶನ ಕಾಲದ ‘ಕ್ರೇಜಿ ಕರ್ನಲ್’ ಮನೆಯೊಳಗಿನ ಹಾಸ್ಯಕ್ಕೆ ಟಿವಿಯಲ್ಲಿ ಜಾಗ ಮಾಡಿತು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಶುರುವಾದ ಮೇಲೆ ಬಂದ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’ ಆ ಜಾಗವನ್ನು ಗಟ್ಟಿಮಾಡಿದವು. ಚೌಕಟ್ಟು ಅದೇ, ಆದರೆ ಒಳಗಿನ ಬಲಾಬಲ ಬೇರೆ. ‘ಹನಿಮೂನರ್ಸ್’ನಲ್ಲಿ ಗಂಡ ಮುಷ್ಟಿ ಎತ್ತಿ ಬೆದರಿಸುತ್ತಾನೆ, ಹೊಡೆಯುವುದಿಲ್ಲ. ‘ಪಾಪ ಪಾಂಡು’ವಿನಲ್ಲಿ ಚಿದಾನಂದ್ ಅವರ ಪಾಂಡು ಪೆಟ್ಟು ತಿನ್ನುವವನು, ಶಾಲಿನಿ ಅವರ ಶ್ರೀಮತಿ ಪೆಟ್ಟು ಕೊಡುವವಳು, ಶೀರ್ಷಿಕೆಯ ‘ಪಾಪ’ ಅವನಿಗೇ ಸಲ್ಲುತ್ತದೆ. ಮನೆಯ ಯಜಮಾನನ ಗೌರವವನ್ನು ಕಂತುಕಂತಿಗೂ ಬೀಳಿಸುವ ಈ ಆಟದಲ್ಲಿ ಹೋಮರ್‌ಗೂ ಪಾಂಡುವಿಗೂ ದೂರ ಹೆಚ್ಚಿಲ್ಲ.

ಇದನ್ನು ಬರೀ ಅನುಕರಣೆ ಎಂದು ಷರಾ ಬರೆಯುವುದು ತಪ್ಪಾಗುತ್ತದೆ. ನಡುಮನೆಯನ್ನೇ ರಂಗವಾಗಿಸಿ, ಅರ್ಧ ಇಂಗ್ಲಿಷ್ ಅರ್ಧ ಕನ್ನಡದ ಮಾತಿನಲ್ಲಿ ಮಧ್ಯಮವರ್ಗದ ಬೂಟಾಟಿಕೆಯನ್ನು ಬಯಲು ಮಾಡುವ ನಾಟಕಗಳನ್ನು ಟಿ.ಪಿ. ಕೈಲಾಸಂ (1884–1946) ಅಮೆರಿಕದಲ್ಲಿ ಟಿವಿ ಮನೆಮಾತಾಗುವ ಮೊದಲೇ ಬರೆದಿದ್ದರು. ಹವ್ಯಾಸಿ ರಂಗಭೂಮಿಯ ಮೂಲಕ ಆ ಪರಂಪರೆ ನಡೆದುಬಂದಿತ್ತು. ಕಿರುತೆರೆಗೆ ಬೇಕಿದ್ದದ್ದು ಅದನ್ನು ಇಪ್ಪತ್ತೆರಡು ನಿಮಿಷದ ಕಂತುಗಳಾಗಿ ಕತ್ತರಿಸುವ ಕ್ರಮ ಮಾತ್ರ. ಅದು ಹೊರಗಿನಿಂದ ಬಂತು. 2016ರಲ್ಲಿ ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಶುರುವಾದಾಗ ಜಿಲ್ಲೆಗಳ ಆಡುಮಾತೂ ಆ ಚೌಕಟ್ಟಿಗೆ ಸೇರಿಕೊಂಡಿತು. ಅಲ್ಲಿ ಗೆದ್ದು ಹೆಸರಾದ ಶಿವರಾಜ್, ಹಾಸನದ ಮಗ್ಗುಲಿನ ಕೆ.ಆರ್. ಪೇಟೆಯನ್ನು ತಮ್ಮ ಹೆಸರಿನ ಜೊತೆಗೇ ಕಟ್ಟಿಕೊಂಡು ಬಂದವರು.

4. ಓಡುವ ಚಿತ್ರ ಮಕ್ಕಳ ಪಾಲಾದದ್ದು

ದೊಡ್ಡವರ ಕಾರ್ಟೂನ್‌ನ ಕಥೆ ಬೇರೆ. ಅದರ ಚೌಕಟ್ಟೂ ಕನ್ನಡಕ್ಕೆ ಬರಲಿಲ್ಲ. ಡಬ್ಬಿಂಗ್ ಕಟ್ಟು ಬಿಗಿಯಾಗಿದ್ದ ಕಾಲದಲ್ಲೂ ಮಕ್ಕಳ ಕಾರ್ಟೂನ್‌ಗೆ ಒಂದು ಕಿಂಡಿ ತೆರೆದಿತ್ತು. 2009ರಲ್ಲಿ ಸನ್ ಬಳಗ ಆರಂಭಿಸಿದ ಚಿಂಟು ಟಿವಿ ಹೊರದೇಶದ ಕಾರ್ಟೂನ್‌ಗಳನ್ನು ಕನ್ನಡದಲ್ಲಿ ಮಾತಾಡಿಸಿತು. ನಟರ ಕೆಲಸ ಕಸಿಯುವ ಭಯ ಅಲ್ಲಿ ಅಷ್ಟಿರಲಿಲ್ಲ, ಮಕ್ಕಳು ಕನ್ನಡ ಕಲಿಯುತ್ತಾರೆ ಎಂಬ ಸಮಾಧಾನವೂ ಇತ್ತು. ಒಂದು ಪೀಳಿಗೆಯ ಕನ್ನಡ ಮಕ್ಕಳಿಗೆ ಕಾರ್ಟೂನ್ ಕನ್ನಡದಲ್ಲೇ ಸಿಕ್ಕಿತು. ಅವರು ದೊಡ್ಡವರಾದ ಮೇಲೆ ನೋಡುವಂಥದ್ದು ಕನ್ನಡದಲ್ಲಿ ಬರಲಿಲ್ಲ. ಕಾರ್ಟೂನ್ ಎಂದರೆ ಮಕ್ಕಳ ಸರಕು ಎಂಬ ತಿಳಿವಳಿಕೆ ಹೀಗೆ ವ್ಯವಸ್ಥೆಯಿಂದಲೇ ಗಟ್ಟಿಯಾಯಿತು.

ಇದರಲ್ಲೊಂದು ವಿಪರ್ಯಾಸವಿದೆ. ಅಚ್ಚಿನಲ್ಲಿ ಕನ್ನಡದ ವ್ಯಂಗ್ಯಚಿತ್ರ ಎಂದೂ ಮಕ್ಕಳದಾಗಿರಲಿಲ್ಲ. 1942ರಲ್ಲಿ ಡಾ. ಎಂ. ಶಿವರಾಂ (ರಾಶಿ) ಆರಂಭಿಸಿ 1967ರವರೆಗೆ ನಡೆಸಿದ ‘ಕೊರವಂಜಿ’ ದೊಡ್ಡವರ ಹಾಸ್ಯಪತ್ರಿಕೆ, ಆರ್.ಕೆ. ಲಕ್ಷ್ಮಣ್ ಅವರ ಆರಂಭದ ಚಿತ್ರಗಳು ಅದರಲ್ಲಿ ಬಂದವು. ‘ಪ್ರಜಾವಾಣಿ’ಯಲ್ಲಿ ಬರುತ್ತಿದ್ದ ಪಿ. ಮಹಮ್ಮದ್ ಅವರ ಗೆರೆಗಳು ಮಂತ್ರಿಗಳನ್ನು, ಮಠಗಳನ್ನು ಬಿಡಲಿಲ್ಲ. ಬೆಳಗ್ಗೆ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಬಿಡಿಸಿ ಮುಖಪುಟದ ವ್ಯಂಗ್ಯಚಿತ್ರ ನೋಡಿ ನಗುವ ಮನುಷ್ಯ, ಅದೇ ಬಗೆಯ ಚಿತ್ರ ಸಂಜೆ ಟಿವಿಯಲ್ಲಿ ಓಡಾಡಿದರೆ ರಿಮೋಟನ್ನು ಮಗುವಿನ ಕೈಗೆ ಕೊಡುತ್ತಾನೆ. ಗೆರೆಯ ನಿಂದೆಗೆ ಅವನಿಗೆ ತಕರಾರಿಲ್ಲ. ಓಡುವ ಗೆರೆ ಅವನಿಗೆ ದೊಡ್ಡವರ ಮಾತಾಗಿ ಪರಿಚಯವಾಗಲೇ ಇಲ್ಲ.

ಅಮೆರಿಕದಲ್ಲೂ ‘ಫ್ಲಿಂಟ್‌ಸ್ಟೋನ್ಸ್’ ನಂತರ ಕಾರ್ಟೂನ್ ಬಹುಕಾಲ ಶನಿವಾರ ಬೆಳಗಿನ ಮಕ್ಕಳ ಪಾಲಾಗಿತ್ತು. ಅದನ್ನು ದೊಡ್ಡವರ ಹೊತ್ತಿಗೆ ಮರಳಿ ತಂದದ್ದು ‘ಸಿಂಪ್ಸನ್ಸ್’. ಇನ್ನಷ್ಟು ಒರಟಾದದ್ದು ಕೇಬಲ್‌ನಲ್ಲಿ ಬೆಳೆಯಿತು. ಏಕೆಂದರೆ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯ ಅಸಭ್ಯತೆಯ ನಿಯಮ ಬಯಲು ಪ್ರಸಾರಕ್ಕೆ ಅನ್ವಯಿಸುತ್ತದೆ, ಹಣ ಕೊಟ್ಟು ಪಡೆಯುವ ಕೇಬಲ್‌ಗೆ ಅನ್ವಯಿಸುವುದಿಲ್ಲ. ಫಾಕ್ಸ್‌ನ ಸಿಂಪ್ಸನ್ಸ್‌ಗೂ ಕಾಮಿಡಿ ಸೆಂಟ್ರಲ್‌ನ ಸೌತ್ ಪಾರ್ಕ್‌ಗೂ ಬಾಯಿಯ ಸಡಿಲಿನಲ್ಲಿರುವ ವ್ಯತ್ಯಾಸಕ್ಕೆ ಇದು ಒಂದು ಮುಖ್ಯ ಕಾರಣ. ಭಾರತದಲ್ಲಿ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ನಿಯಮಗಳ ಕಾರ್ಯಕ್ರಮ ಸಂಹಿತೆ ಕೇಬಲ್ ಮನರಂಜನೆಯನ್ನೂ ಸದಭಿರುಚಿ, ಧರ್ಮನಿಂದೆಗಳ ಅಳತೆಗೋಲಿನಿಂದಲೇ ಅಳೆಯುತ್ತದೆ. 2012ರಲ್ಲಿ ಭಾರತಕ್ಕೆ ಬಂದ ಕಾಮಿಡಿ ಸೆಂಟ್ರಲ್ ವಾಹಿನಿಗೆ, ಅದು ತೋರಿಸಿದ ಎರಡು ಕಾರ್ಯಕ್ರಮಗಳ ಕಾರಣಕ್ಕೆ 2013ರ ಮೇ ತಿಂಗಳಲ್ಲಿ ಹತ್ತು ದಿನ ಪ್ರಸಾರ ನಿಲ್ಲಿಸುವ ಆದೇಶ ಬಂತು.

5. ಅವರು ಕಂಡ ಬೆಂಗಳೂರು, ನಾವು ಕಂಡ ಅಮೆರಿಕ

2006ರ ಏಪ್ರಿಲ್ 9ರಂದು ‘ಸಿಂಪ್ಸನ್ಸ್’ನ ಹದಿನೇಳನೆಯ ಸರಣಿಯಲ್ಲಿ ‘ಕಿಸ್ ಕಿಸ್, ಬ್ಯಾಂಗ್ ಬ್ಯಾಂಗಲೋರ್’ ಎಂಬ ಕಂತು ಪ್ರಸಾರವಾಯಿತು. ಸ್ಪ್ರಿಂಗ್‌ಫೀಲ್ಡಿನ ಅಣುಸ್ಥಾವರದ ಮಾಲೀಕ ಬರ್ನ್ಸ್, ಖರ್ಚು ಉಳಿಸಲು ಇಡೀ ಕಾರ್ಖಾನೆಯನ್ನು ಬೆಂಗಳೂರಿಗೆ ಸಾಗಿಸುತ್ತಾನೆ. ಕೆಲಸಗಾರರಿಗೆ ತರಬೇತಿ ಕೊಡಲು ಹೋಮರ್ ಬರುತ್ತಾನೆ. ಅಧಿಕಾರ ತಲೆಗೇರಿ ಅವನು ದೇವರಂತೆ ಪೂಜೆ ಮಾಡಿಸಿಕೊಳ್ಳುತ್ತಿದ್ದಾನೆಂದು ಮನೆಯವರಿಗೆ ತಿಳಿದು, ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಅಣಕದಂತೆ, ನದಿಯ ಮೇಲೆ ದೋಣಿಯಲ್ಲಿ ಹುಡುಕಿಕೊಂಡು ಬರುತ್ತಾರೆ. ಹೋಮರ್ ನಿಜವಾಗಿ ಮಾಡಿದ್ದು ಅಮೆರಿಕದ ಕಾರ್ಮಿಕರ ಸವಲತ್ತುಗಳನ್ನು ಇಲ್ಲಿನವರಿಗೆ ಕಲಿಸಿದ್ದು: ಕಾಫಿ ವಿರಾಮ, ರಜೆ, ಬೇಗನೆ ನಿವೃತ್ತಿ. ಖರ್ಚು ಏರಿದ್ದು ಕಂಡು ಬರ್ನ್ಸ್ ಎಲ್ಲರನ್ನೂ ತೆಗೆದುಹಾಕುತ್ತಾನೆ, ಕೆಲಸ ಹೋದವರು ಪರಿಹಾರ ಸಿಕ್ಕಿತೆಂದು ಕುಣಿಯುತ್ತಾರೆ.

ಬೆಂಗಳೂರಿಗೆ ದೋಣಿಯಲ್ಲಿ ಬರುವ ನದಿ ಇಲ್ಲ. ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ನೀರೆತ್ತಿ ತರುವ ಊರು ಅದು. ಆ ಕಾವೇರಿಗೆ ಸಕಲೇಶಪುರದ ನಡುವೆ ಹರಿಯುವ ಹೇಮಾವತಿಯ ನೀರೂ ಸೇರುತ್ತದೆ. ಆದರೆ ಭೂಗೋಳದ ತಪ್ಪು ಹಿಡಿಯುವುದರಿಂದ ಕಂತಿನ ತಿರುಳು ಕೈಗೆ ಬರುವುದಿಲ್ಲ. ಅದರ ಚುಚ್ಚು ಇರುವುದು ಬರ್ನ್ಸ್‌ನ ಲೆಕ್ಕದ ಮೇಲೆ, ಕೂಲಿ ಅಗ್ಗವಿರುವ ಕಡೆಗೆ ಓಡುವ ಬಂಡವಾಳದ ಮೇಲೆ. ತೋಟದ ಲೈನ್‌ಮನೆಯಲ್ಲಿ ಯಾರಾದರೂ ಅದನ್ನು ಕನ್ನಡದಲ್ಲಿ ನೋಡಿದ್ದರೆ, ಆಳು ಸಿಗದ ಕೊಯ್ಲಿನ ಕಾಲದಲ್ಲಿ ದೂರದ ರಾಜ್ಯದಿಂದ ಜನ ಕರೆತರುವ ಸೀಮೆಯ ಅನುಭವಕ್ಕೆ ಅದು ತಟ್ಟದೆ ಇರುತ್ತಿರಲಿಲ್ಲ. ಕಂತು ಬಂದ ನಾಲ್ಕು ತಿಂಗಳಿಗೆ ಟಾಟಾ ಸ್ಕೈ ಶುರುವಾಯಿತು. ಕರ್ನಾಟಕವನ್ನೇ ಕುರಿತ ಈ ಅಮೆರಿಕನ್ ಹಾಸ್ಯಕ್ಕೆ ಸಾಗಣೆಯ ದಾರಿ ಸಿದ್ಧವಿತ್ತು, ಕನ್ನಡದ ದಾರಿ ಇರಲಿಲ್ಲ.

ಇದಕ್ಕೆ ಎದುರಾಗಿ ಇಡಬೇಕಾದ ಇನ್ನೊಂದು ಉದಾಹರಣೆ ಇದೇ ಜಿಲ್ಲೆಯದು. ಹೇಮಾವತಿ ದಂಡೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ (1904–1991) ಅವರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಯ ಹಿರಿಯನೊಬ್ಬ ಪರದೇಶದ ರೀತಿನೀತಿ ನೋಡಿ ಬೆರಗಾಗುತ್ತಾ, ಆ ಬೆರಗಿನಲ್ಲಿ ತನ್ನನ್ನೇ ನಗೆಗೆ ಈಡುಮಾಡಿಕೊಳ್ಳುವ ಹದ ಅದರದು. ಎರಡೂ ಕೃತಿಗಳಲ್ಲಿ ಹೊರನಾಡಿನಲ್ಲಿ ಪೇಚಾಡುವ ಮನುಷ್ಯನಿದ್ದಾನೆ. ಹೋಮರ್ ತನಗರಿವಿಲ್ಲದೆ ನಗೆಪಾಟಲಾಗುತ್ತಾನೆ, ಗೊರೂರರು ಅರಿತೇ ಆಗುತ್ತಾರೆ. ಅಮೆರಿಕವನ್ನು ಕನ್ನಡದ ಹಾಸ್ಯಕ್ಕೆ ತರುವ ಶಕ್ತಿ ಹಾಸನದ ನೆಲದಲ್ಲಿ ಡಿಶ್‌ಗಳು ಬರುವ ಮೊದಲೇ ಇತ್ತು. ಅದು ಬಂದದ್ದು ಪುಸ್ತಕದ ದಾರಿಯಲ್ಲಿ. ಆ ದಾರಿಗೆ ಕಾವಲು ಇರಲಿಲ್ಲ.

6. ಬೈಗುಳಕ್ಕೆ ಅಪ್ಪಣೆ

ಉಳಿದದ್ದು ಎರಡನೆಯ ಸಾಮಾನ್ಯ ಉತ್ತರ: ದೇವರನ್ನೂ ದೊಡ್ಡವರನ್ನೂ ಹೀಗಳೆಯುವ ಹಾಸ್ಯ ನಮಗೆ ಒಗ್ಗದು ಎಂಬುದು. ಇದನ್ನು ಪರೀಕ್ಷಿಸಲು ಕಾಫಿ ಸೀಮೆಯಿಂದ ಹೊರಗೆ ಹೋಗಬೇಕಿಲ್ಲ. ದಕ್ಷಿಣ ಕೊಡಗಿನ ತಿತಿಮತಿ ಬಳಿಯ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು ಮತ್ತಿತರ ಕಾಡಿನ ಸಮುದಾಯದವರು, ಅವರಲ್ಲಿ ಎಷ್ಟೋ ಜನ ತೋಟದ ಕೆಲಸಗಾರರು, ಹೆಣ್ಣುವೇಷ ಹಾಕಿ, ಮೈಗೆ ಬಣ್ಣ ಬಳಿದುಕೊಂಡು, ಡಬ್ಬ ಬಡಿಯುತ್ತಾ ಬೀದಿಗಿಳಿಯುತ್ತಾರೆ. ಎದುರಾದವರನ್ನೆಲ್ಲ ಕೆಟ್ಟ ಮಾತಿನಲ್ಲಿ ಬೈದು ಕಾಸು ಕೇಳುತ್ತಾರೆ. ಸಾಹುಕಾರರಿಗೂ ಬಿಡುವಿಲ್ಲ, ದೇವರಿಗೂ ಬಿಡುವಿಲ್ಲ. ಬೇಟೆಗೆಂದು ಕಾಡಿಗೆ ಕರೆದೊಯ್ದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಇವರನ್ನು ನಡುಕಾಡಿನಲ್ಲಿ ಬಿಟ್ಟು ಅವಳ ಹಿಂದೆ ಹೋದ ಎಂಬುದು ಹಬ್ಬದ ಹಿಂದಿನ ಕಥೆ. ಆ ಸಿಟ್ಟಿಗೆ ವರ್ಷಕ್ಕೊಮ್ಮೆ ದೇವರಿಗೆ ಬೈಗುಳ, ಕೊನೆಗೆ ಅದೇ ದೇವರ ಮುಂದೆ ತಪ್ಪೊಪ್ಪಿಗೆ. ಸೌತ್ ಪಾರ್ಕ್‌ನ ಬರಹಗಾರರಿಗೂ ಇದಕ್ಕಿಂತ ಹೆಚ್ಚು ಸಲುಗೆ ಇಲ್ಲ.

ರಂಗಭೂಮಿಗೆ ಬಂದರೆ ಮಾಸ್ಟರ್ ಹಿರಣ್ಣಯ್ಯ (1934–2019) ಇದ್ದಾರೆ. ‘ಲಂಚಾವತಾರ’ದಲ್ಲಿ ಅವರು ಆ ವಾರದ ರಾಜಕೀಯವನ್ನು ಎತ್ತಿಕೊಂಡು, ಬರೆದ ನಾಟಕದಿಂದ ಹೊರಬಂದು, ಅಧಿಕಾರಸ್ಥರನ್ನು ಹೆಸರು ಹಿಡಿದು ಝಾಡಿಸುತ್ತಿದ್ದರು. ಸೌತ್ ಪಾರ್ಕ್ ಹೆಸರಾಗಿರುವುದೂ ಇಂಥ ಬಿಸಿಬಿಸಿ ಪ್ರತಿಕ್ರಿಯೆಗೇ. ಅದರ ಒಂದು ಕಂತು ಆರು ದಿನದಲ್ಲಿ ತಯಾರಾಗುವ ಬಗೆಯನ್ನು 2011ರ ಸಾಕ್ಷ್ಯಚಿತ್ರವೊಂದು ದಾಖಲಿಸಿದೆ. ಹಿರಣ್ಣಯ್ಯನವರಿಗೆ ಆರು ದಿನವೂ ಬೇಕಿರಲಿಲ್ಲ, ಬೆಳಗಿನ ಪೇಪರ್ ಸಾಕಿತ್ತು. ಯಕ್ಷಗಾನದ ಹಾಸ್ಯಗಾರನಿಗೂ ರಾಜನ ಆಸ್ಥಾನದಲ್ಲಿ ನಿಂತು ರಾಜನನ್ನೇ ಕೆಣಕುವ ಸ್ವಾತಂತ್ರ್ಯವಿದೆ.

ಹಾಗಿದ್ದರೆ ವ್ಯತ್ಯಾಸ ಎಲ್ಲಿ? ಈ ಮೂರೂ ಉದಾಹರಣೆಗಳಲ್ಲಿ ನಿಂದೆಗೆ ಷರತ್ತುಗಳಿವೆ. ಅದಕ್ಕೊಂದು ದಿನ ಅಥವಾ ಹೊತ್ತು ಇದೆ. ಅದಕ್ಕೊಂದು ಜಾಗ ಇದೆ: ಹಬ್ಬದ ಬೀದಿ, ರಂಗ, ಯಕ್ಷಗಾನದ ಚೌಕಿ (ಬಣ್ಣದ ಮನೆ) ದಾಟಿದ ಮೇಲಿನ ರಂಗಸ್ಥಳ. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೊಂದು ಮುಖ ಇದೆ. ಬೈದವನು ಎದುರಿಗೆ ನಿಂತಿರುತ್ತಾನೆ, ಬಣ್ಣ ಒರೆಸಿದರೆ ಅವನು ಯಾರೆಂದು ಊರಿಗೆ ಗೊತ್ತು, ನಾಳೆ ಅದೇ ತೋಟಕ್ಕೆ ಕೆಲಸಕ್ಕೆ ಬರುತ್ತಾನೆ. ಅವನ ಧೈರ್ಯಕ್ಕೂ ಅವನಿಗೆ ಸಿಗುವ ಕ್ಷಮೆಗೂ ಈ ಹಾಜರಿಯೇ ಆಧಾರ. ದೊಡ್ಡವರ ಕಾರ್ಟೂನ್ ಈ ಮೂರನ್ನೂ ಸಡಿಲಿಸುತ್ತದೆ. ಅದು ಯಾವ ಹೊತ್ತಿಗೂ ಬರುತ್ತದೆ, ನಡುಮನೆಗೇ ಬರುತ್ತದೆ, ಮಾತಾಡುವವನಿಗೆ ಮೈಯಿಲ್ಲ. ಹೋಮರ್‌ನ ಹತ್ತು ವರ್ಷದ ಮಗ ಬಾರ್ಟ್ ಮೂರು ದಶಕ ಕಳೆದರೂ ಹತ್ತು ವರ್ಷದವನೇ. ಅವನನ್ನು ಕರೆದು ಕೇಳುವವರಿಲ್ಲ.

ಅಮೆರಿಕಕ್ಕೂ ಈ ಮುಖದ ಪ್ರಶ್ನೆ ತಡವಾಗಿ ಎದುರಾಯಿತು. ‘ಸಿಂಪ್ಸನ್ಸ್’ನ ಭಾರತೀಯ ಅಂಗಡಿಕಾರ ಅಪುವಿಗೆ ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟ ದಶಕಗಳ ಕಾಲ ಧ್ವನಿ ಕೊಟ್ಟರು. 2017ರಲ್ಲಿ ಹಾಸ್ಯಗಾರ ಹರಿ ಕೊಂಡಬೋಲು ತಮ್ಮ ಸಾಕ್ಷ್ಯಚಿತ್ರದಲ್ಲಿ ಈ ಧ್ವನಿಯ ಹಿಂದೆ ಯಾರಿದ್ದಾರೆ, ಯಾರ ಪರವಾಗಿ ನಗುತ್ತಿದ್ದಾರೆ ಎಂದು ಕೇಳಿದರು. 2020ರಲ್ಲಿ ಅಜೇರಿಯಾ ಆ ಪಾತ್ರದಿಂದ ಹಿಂದೆ ಸರಿದರು. ಕುಂಡೆ ಹಬ್ಬದ ನಿಯಮ ಮೊದಲಿನಿಂದಲೂ ಒತ್ತಿ ಹೇಳುವ ಮಾತನ್ನು, ಅಂದರೆ ಬೈಯುವವನು ತನ್ನ ಮೈಯಲ್ಲಿ ನಿಂತು ಬೈಯಬೇಕು ಎಂಬುದನ್ನು, ಅಮೆರಿಕದ ಕಾರ್ಟೂನ್ ಮೂವತ್ತು ವರ್ಷದ ನಂತರ ಒಪ್ಪಿಕೊಂಡಂತಾಯಿತು.

ನಿಲುವು

ಮೇಲಿನ ವಿವರಗಳಿಂದ ಮೂರು ಮಾತು ಹೇಳಬಹುದು. ಒಂದು, ಸಕಲೇಶಪುರ–ಆಲೂರು ಸೀಮೆಗೆ ಅಮೆರಿಕದ ಹಾಸ್ಯ ತಲುಪದಿರಲು ಗುಡ್ಡ ಕಾರಣವಾಗಿದ್ದದ್ದು 1991ರವರೆಗೆ, ದುಡ್ಡು ಮತ್ತು ಹರಹು ಕಾರಣವಾಗಿದ್ದದ್ದು 2006ರವರೆಗೆ. ಆಮೇಲೆ ಉಳಿದ ಕಾರಣ ಭಾಷೆ, ಆ ಭಾಷೆಯ ಬಾಗಿಲನ್ನು ಉದ್ಯಮದ ಕಟ್ಟುಪಾಡು ಕಾಯುತ್ತಿತ್ತು. ಎರಡು, ಸಿಟ್‌ಕಾಮಿಗೆ ಕೈಲಾಸಂ ಪರಂಪರೆಯ ನಡುಮನೆ ಸಿದ್ಧವಿದ್ದುದರಿಂದ ಅದರ ಚೌಕಟ್ಟು ಕನ್ನಡದಲ್ಲಿ ಬೇರುಬಿಟ್ಟಿತು. ದೊಡ್ಡವರ ಕಾರ್ಟೂನ್‌ಗೆ ಹಾಗೆ ಕೈಹಿಡಿಯುವ ದೇಸಿ ರೂಪ ಟಿವಿಯಲ್ಲಿ ಇರಲಿಲ್ಲ, ಅಚ್ಚಿನ ವ್ಯಂಗ್ಯಚಿತ್ರ ಪರದೆಗೆ ದಾಟಲಿಲ್ಲ. ಮೂರು, ಒರಟು ನಿಂದೆಯ ಹಾಸ್ಯ ಈ ಸೀಮೆಗೆ ಪರಕೀಯವೆಂಬ ನಂಬಿಕೆ ಕಾಫಿನಾಡಿನ ಹಬ್ಬಗಳ ಮುಂದೆಯೇ ನಿಲ್ಲುವುದಿಲ್ಲ. ಪರಕೀಯವಾದದ್ದು ಮುಖವಿಲ್ಲದ ನಿಂದೆ.

2015ರ ತೀರ್ಪಿನ ನಂತರ ಬಾಗಿಲು ನಿಧಾನವಾಗಿ ತೆರೆದಿದೆ. 2023ರಲ್ಲಿ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್’ ಎಂಬ ಅನಿಮೇಷನ್ ಚಿತ್ರ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಸಾಹಸಚಿತ್ರ ದಾಟಿದ ಹೊಸ್ತಿಲನ್ನು ಹಾಸ್ಯ ದಾಟುವಾಗ ಎದುರಾಗುವ ಮೊದಲ ಕೆಲಸ ಧ್ವನಿ ಆರಿಸುವುದು. ಹೋಮರ್‌ನಂಥ ಕೂಲಿ ನೌಕರ ಕನ್ನಡದಲ್ಲಿ ಎಲ್ಲಿಯ ಮಾತು ಆಡಬೇಕು? ಬೆಂಗಳೂರಿನ ಸ್ಟುಡಿಯೊ ಕನ್ನಡ ಅವನಿಗೆ ಹೊಂದುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರನ್ನು ಹಿಂದಿನಿಂದ ಅಣಕಿಸುವ ಲೈನ್‌ಮನೆಯ ಮಾತು, ಹೆತ್ತೂರು–ಯಸಳೂರು ಕಡೆಯ ಸುಗ್ಗಿಯ ಮಾತು, ಆಲೂರು ಸಂತೆಯ ಚೌಕಾಸಿಯ ಮಾತು ಅವನಿಗೆ ಹೆಚ್ಚು ಸಲ್ಲಬಹುದು. ಆ ಮಾತುಗಳನ್ನು ಧ್ವನಿಮುದ್ರಿಸಿ ದಾಖಲಿಸುವುದು ಜಾನಪದದ ವಿದ್ಯಾರ್ಥಿಗಳು ಈಗಲೇ ಕೈಗೆತ್ತಿಕೊಳ್ಳಬಹುದಾದ ಕೆಲಸ. ಅದರಿಂದ ಅನುವಾದಕರಿಗೆ ಸಿಗುವ ಪ್ರಯೋಜನಕ್ಕಿಂತ ದೊಡ್ಡ ಪ್ರಯೋಜನ ಇನ್ನೊಂದಿದೆ: ಕನ್ನಡದ ಒರಟು ಹಾಸ್ಯ ಯಾರಿಂದ, ಯಾವ ಹೊತ್ತಿನಲ್ಲಿ, ಯಾರ ಅಪ್ಪಣೆಯಿಂದ ನಡೆಯುತ್ತದೆ ಎಂಬುದಕ್ಕೆ ಆಗ ಆಧಾರ ಸಿಗುತ್ತದೆ, ‘ನಮ್ಮ ಸಂಸ್ಕೃತಿಗೆ ಒಗ್ಗದು’ ಎಂಬ ಮಾತಿಗೆ ಉದಾಹರಣೆ ಸಮೇತ ಉತ್ತರ ಕೊಡಬಹುದು.